ಕಾಗೆಯ ಪಾಲು

ಕಾಗೆ ಬರಲಿಲ್ಲ. ರಗಳೆಯೆಲ್ಲ ಶುರುವಾದದ್ದು ಅದರಿಂದಲೇ.

ಅವತ್ತು ತೀರಿಹೋದ ಕೋನಪ್ಪನ ಹಾಲುತುಪ್ಪ. ಹೊಲದ ಬದುವಿನಲ್ಲಿ ಇನ್ನೂ ಹಸಿಯಾಗಿದ್ದ ಮಣ್ಣಿನ ಗುಡ್ಡೆಯ ಮೇಲೆ ಬಾಳೆಲೆ ಹಾಸಿ, ಮುದ್ದೆ, ಹುರುಳಿ ಸಾರು, ವಡೆ, ಎಲೆ ಅಡಿಕೆ, ಒಂದು ಕಟ್ಟು ಬೀಡಿ ಎಲ್ಲ ಇಟ್ಟು, ನೆಂಟರಿಷ್ಟರು ದೂರದ ಹೊಂಗೆ ಮರದ ಕೆಳಗೆ ಹೋಗಿ ನಿಂತರು. ಕಾಗೆಗಳಿಗೇನೂ ಬರ ಇರಲಿಲ್ಲ. ಕರೆಂಟು ತಂತಿಯ ಮೇಲೆ, ರೇಷನ್ ಅಂಗಡಿ ಬಾಗಿಲು ತೆಗೆಯುವುದನ್ನು ಕಾಯುವ ಜನರ ಹಾಗೆ ಸಾಲಾಗಿ ಕೂತಿದ್ದವು. ಒಂದೂ ಕೆಳಗಿಳಿಯಲಿಲ್ಲ.

ಸತ್ತವರಿಗೆ ಇಟ್ಟ ಎಡೆಯನ್ನು ಕಾಗೆ ಮುಟ್ಟುವ ತನಕ ಮನೆಯವರು ಉಣ್ಣುವಂತಿಲ್ಲ. ಬೇರೆಯವರು ಹೇಗೋ ತಡೆದುಕೊಂಡಾರು. ಕೋನಪ್ಪನ ಹೆಂಡತಿ ಮುನಿಗಂಗಮ್ಮನಿಗೆ ಸಕ್ಕರೆ ಕಾಯಿಲೆ. ಗಂಡ ಹೋದಂದಿನಿಂದ ಸರಿಯಾಗಿ ಉಂಡಿರದ ಮುದುಕಿ, ಬೆಳಗ್ಗೆಯಿಂದ ಬಾಯಿಗೆ ಹನಿ ನೀರು ಹಾಕದೆ ಬದುವಿನ ಮೇಲೆ ಕೂತು ನಡುಗುತ್ತಿದ್ದಳು.

"ಒಂದು ಬಾಳೆಹಣ್ಣಾದ್ರೂ ತಿನ್ನವ್ವ, ತಲೆ ಸುತ್ತಿ ಬಿದ್ಗಿದ್ದೀಯ," ಎಂದ ಮಗ ಬಯ್ಯಪ್ಪ.

"ಅವರು ಉಣ್ದಲೆ ನಾನೆಂಗಪ್ಪ ಉಣ್ಲಿ? ನನ್ನನ್ನೂ ಕರ್ಕೊಂಡೋಗಲಿ ಬಿಡು."

ಪಕ್ಕದ ಮನೆಯ ವೆಂಕಟರಾಮಪ್ಪ ಗಂಟಲು ಸರಿಮಾಡಿಕೊಂಡ. ತನ್ನ ಮನೆಯ ಮದುವೆಗೆ ತಡವಾಗಿ ಹೋದರೂ ಊರವರ ಸಾವಿಗೆ ಮೊದಲೇ ಹಾಜರಾಗುವ ಮನುಷ್ಯ ಅವನು. "ಏನೋ ಆಸೆ ಉಳ್ಕೊಂಡದೆ ಕಣಪ್ಪ ಬಯ್ಯಪ್ಪ. ಅದೇನಂತ ನಾವು ಕಂಡ್ಕೋಬೇಕು."

ಮೊಟ್ಟೆ ಇಟ್ಟು ನೋಡಿದರು. ಕೋಳಿ ಕಬಾಬು ತಂದಿಟ್ಟರು. ಕೊನೆಗೆ ಯಾರೋ ಗಾಡಿಯಲ್ಲಿ ಹೋಗಿ ವೈನ್ ಶಾಪಿನಿಂದ ಒಂದು ಕ್ವಾರ್ಟರು ತಂದು ಲೋಟಕ್ಕೆ ಸುರಿದಿಟ್ಟರು. ಆಗ ಒಂದು ಕಾಗೆ ಇಳಿಯಿತು. ಲೋಟದ ಸುತ್ತ ನಡೆಯಿತು. ಕತ್ತು ಓರೆ ಮಾಡಿ ಇಣುಕಿತು. ಹಾರಿಹೋಗಿ ಮತ್ತೆ ತಂತಿಯ ಮೇಲೆ ಕೂತಿತು.

"ನೋಡ್ದ್ರಾ!" ವೆಂಕಟರಾಮಪ್ಪ ತೊಡೆ ತಟ್ಟಿಕೊಂಡ. "ದಾರಿ ಸರಿಯಾಗೇ ಅದೆ, ಬ್ರಾಂಡು ಸರಿಯಾಗಿಲ್ಲ. ಇವನಪ್ಪ ಜೀವಮಾನವೆಲ್ಲ ದುಡಿದಿದ್ದು ಎಲ್ಲಿ? ಅಲ್ಲೀದೇ ಬೇಕು ಅವನಿಗೆ!"

ಅಲ್ಲಿಯದು ಎಂದರೆ ಗೌರಿಬಿದನೂರಿನ ಆಚೆ, ಹೊಲಗಳ ನಡುವೆ ಇಂಗ್ಲಿಷಿನವರ ಕಾಲದಿಂದ ಹೊಗೆಯಾಡುತ್ತ ಬಂದಿರುವ ವಿಸ್ಕಿ ಕಾರ್ಖಾನೆ. ಕೋನಪ್ಪ ಅಲ್ಲಿ ಪೀಪಾಯಿ ಉರುಳಿಸುತ್ತಿದ್ದ. ಸಂಜೆ ಅವನು ಊರಿಗೆ ಬರುವ ಮೊದಲೇ ವಾಸನೆ ಬರುತ್ತಿತ್ತು. ಮುನಿಗಂಗಮ್ಮ ಬಾಗಿಲಲ್ಲೇ ಜಗಳ ತೆಗೆಯುತ್ತಿದ್ದಳು. "ಕುಡ್ದಿಲ್ಲ ಕಣೇ, ವಾಸ್ನೆ ಹತ್ಕೊಂಡದೆ ಅಷ್ಟೇ," ಎಂದು ಅವನು ಎಡಗಡೆ ಒಮ್ಮೆ, ಬಲಗಡೆ ಒಮ್ಮೆ ಮೀಸೆ ಒರೆಸಿಕೊಳ್ಳುತ್ತಿದ್ದ. "ವಾಸ್ನೆಗೂ ಮೀಸೆ ಒರೆಸ್ಕೋತಾರಾ?" ಎಂದು ಅವಳು ಕೇಳಿದರೆ ಬೀದಿಗೆ ಬೀದಿಯೇ ನಗುತ್ತಿತ್ತು.

ಆ ನಗುವನ್ನು ಕೇಳಿಸಿಕೊಂಡು ಬೆಳೆದ ಬಯ್ಯಪ್ಪ ಕೆಮ್ಮಿಗೆ ಕೊಡುವ ಟಾನಿಕ್ಕನ್ನೂ ಮೂಸಿ ನೋಡಿ ಚೆಲ್ಲುವವನಾದ. ಕುಡಿತ ಬಿಡಿಸುವ ಶಿಬಿರ ಊರಿಗೆ ಬಂದಾಗ ಮೈಕಿನ ಮುಂದೆ ನಿಂತು ಪ್ರತಿಜ್ಞೆ ಹೇಳಿಕೊಟ್ಟವನೂ ಅವನೇ. ಈಗ ಅವನೇ ಹೊರಟ. ಅವ್ವನ ಕೈ ನಡುಗುವುದನ್ನು ನೋಡುತ್ತ ನಿಲ್ಲಲು ಆಗಲಿಲ್ಲ.

"ಬಿರ್ರನೆ ಹೋಗ್ಬಿಟ್ಟು ಬಾ," ಎಂದಳು ಹೆಂಡತಿ ಕಲ್ಯಾಣಿ. "ಅತ್ತೆಗೆ ಏನಾದ್ರೂ ಆದ್ರೆ ಇನ್ನೊಂದು ಗುಂಡಿ ತೋಡ್ಬೇಕಾಗ್ತದೆ."

ಕಾರ್ಖಾನೆಯ ಮುಂದೆ ಈಗ ಹೂದೋಟ ಮಾಡಿದ್ದರು. ಬೆಂಗಳೂರಿನಿಂದ ಜನ ಕಾರಿನಲ್ಲಿ ಬಂದು, ಟಿಕೆಟ್ ತೆಗೆದುಕೊಂಡು, ಒಳಗೆಲ್ಲ ಸುತ್ತಿ ಹೋಗುತ್ತಿದ್ದರು. ಬಯ್ಯಪ್ಪನೂ ಟಿಕೆಟ್ ತೆಗೆದುಕೊಂಡ. ಅವನು ಜೊತೆಗೆ ತಂದಿದ್ದ ಖಾಲಿ ಬಾಟಲಿಯನ್ನು ಗೇಟಿನ ಕಾವಲಿನವನು ಕಿತ್ತುಕೊಂಡ. ತಲೆ, ಮೀಸೆ ಎರಡೂ ಬೋಳಿಸಿಕೊಂಡು ಹೆಗಲ ಮೇಲೆ ಟವಲು ಹಾಕಿ ನಿಂತಿದ್ದವನನ್ನು ಕಂಡು, "ಅಂಕಲ್, ತಿರುಪತಿಯಿಂದ ಡೈರೆಕ್ಟಾಗಿ ಇಲ್ಲಿಗೇನಾ?" ಎಂದ ಒಬ್ಬ ಹುಡುಗ. ಅವನ ಗುಂಪೆಲ್ಲ ನಕ್ಕಿತು. ಬಯ್ಯಪ್ಪನೂ ಹಲ್ಲು ಕಿರಿದ. ಅಪ್ಪ ಸತ್ತ ಎಂದು ಅಲ್ಲಿ ಯಾರಿಗೆಂದು ಹೇಳುವುದು?

ಸುತ್ತಿ ತೋರಿಸುವ ಹುಡುಗಿಯ ಹೆಸರು ತನುಜ. ದೇವಸ್ಥಾನದ ಗೋಪುರದಷ್ಟು ದಪ್ಪನೆಯ ತಾಮ್ರದ ಹಂಡೆಗಳನ್ನು ತೋರಿಸಿದಳು. ಆಮೇಲೆ ಪೀಪಾಯಿಗಳ ಗೋದಾಮಿನ ಬಾಗಿಲು ತೆಗೆಸಿದಳು.

ಬಯ್ಯಪ್ಪನ ಕಾಲು ಹೊಸ್ತಿಲಲ್ಲೇ ನಿಂತುಬಿಟ್ಟಿತು. ಕತ್ತಲೆಯೊಳಗಿಂದ ಅಪ್ಪ ಎದ್ದು ಬಂದ ಹಾಗಾಯಿತು. ಅದೇ ವಾಸನೆ. ಮಗುವಾಗಿದ್ದಾಗ ಅಪ್ಪ ಎತ್ತಿಕೊಂಡರೆ ಮುಖ ತಿರುಗಿಸುತ್ತಿದ್ದ ವಾಸನೆ.

"ಸೆಕೆಗೆ ಪೀಪಾಯಿ ಒಳಗಿಂದ ವಿಸ್ಕಿ ಸ್ವಲ್ಪ ಸ್ವಲ್ಪ ಆವಿಯಾಗಿ ಹೋಗುತ್ತೆ ಸಾರ್," ಎಂದಳು ತನುಜ. "ಅದನ್ನ ದೇವದೂತರ ಪಾಲು ಅಂತಾರೆ. ಗಾಳಿ ತುಂಬಾ ಅದೇ. ಇಲ್ಲಿ ನಿಂತ್ರೆ ಸಾಕು, ಕುಡೀದೇ ಇದ್ರೂ ಮೈಗೆಲ್ಲ ವಾಸನೆ ಹತ್ಕೊಳ್ಳುತ್ತೆ. ನಾನು ದಿನಾ ಮನೇಲಿ ಬೈಸ್ಕೋತೀನಿ. ನಮ್ಮಮ್ಮ ನಂಬೋದೇ ಇಲ್ಲ."

ಎಲ್ಲರೂ ನಕ್ಕರು. ಬಯ್ಯಪ್ಪ ನಗಲಿಲ್ಲ. ಒಂದು ಪೀಪಾಯಿಯ ಮೇಲೆ ಕೈಯಿಟ್ಟ. ಹಾಗಾದರೆ ಅಪ್ಪ ಹೇಳಿದ್ದು ನಿಜ. ಒಂದು ಆಯುಸ್ಸು ಪೂರ್ತಿ ನಿಜ ಹೇಳಿ, ಒಬ್ಬರಿಂದಲೂ ನಂಬಿಸಿಕೊಳ್ಳದೆ ಹೋದ. ಕಾಣದ ದೇವದೂತರಿಗೆ ಕೂಡ ಇಲ್ಲಿ ಪಾಲಿತ್ತು; ಉರುಳಿಸಿದವನಿಗೆ ಬೈಗುಳ. ಅಷ್ಟು ಹತ್ತಿರದಲ್ಲಿದ್ದು ಮುಟ್ಟದೆ ಹೋದವನಿಗೆ ಆಸೆ ಉಳಿಯದೆ ಇರುತ್ತದೆಯೇ? ಏನಾದರಾಗಲಿ, ಒಯ್ಯಲೇಬೇಕು ಎಂದುಕೊಂಡ.

ಕೊನೆಗೆ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿ ಚಿಕ್ಕ ಚಿಕ್ಕ ಗಾಜಿನ ಲೋಟದಲ್ಲಿ ರುಚಿಗೆ ಅಂತ ಕೊಟ್ಟರು.

"ಇದನ್ನ ಮನೆಗೆ ತಗೊಂಡೋಗ್ತೀನಮ್ಮ. ಒಂದು ಬಾಟ್ಲಿ ಇದ್ರೆ ಕೊಡು."

"ಹೊರಗಡೆ ಬಿಡಲ್ಲ ಸಾರ್. ಇಲ್ಲೇ ಕುಡೀಬೇಕು. ಬಾಟ್ಲಿಯೆಲ್ಲ ಫಾರಿನ್‌ಗೆ ಹೋಗುತ್ತೆ, ಇಲ್ಲಿ ಮಾರಲ್ಲ."

ಬಾಯಲ್ಲಿ ತುಂಬಿಕೊಂಡು ಹೋಗೋಣವೆಂದು ಲೋಟ ಎತ್ತಿದವನಿಗೆ, ಎಂಜಲನ್ನು ಎಡೆಗಿಡುವುದು ಹೇಗೆ ಎಂದು ಥಟ್ಟನೆ ಹೊಳೆಯಿತು. ಲೋಟ ಇಳಿಸಿದ. ತನುಜ ಅತ್ತ ತಿರುಗಿದಾಗ ಮೇಜಿನ ಕೆಳಗೆ ಹೆಗಲ ಟವಲನ್ನು ಮುದ್ದೆ ಮಾಡಿ ಅದರೊಳಕ್ಕೆ ಸುರಿದುಬಿಟ್ಟ. ಅದನ್ನು ಕಂಡ, ತಿರುಪತಿಯ ಮಾತಾಡಿದ್ದ ಹುಡುಗ, "ಅಂಕಲ್, ನಂದೂ ಇಟ್ಕೊಳ್ಳಿ!" ಎಂದು ಕೈಚಾಚಿದ ಉತ್ಸಾಹಕ್ಕೆ ಅವನ ಲೋಟ ಬಯ್ಯಪ್ಪನ ಅಂಗಿಯ ಮೇಲೆ ಬೋರಲಾಯಿತು.

ಬಸ್ಸಿನಲ್ಲಿ ಅವನು ಟವಲಿನ ಗಂಟನ್ನು, ಜ್ವರ ಬಂದ ಕೂಸನ್ನು ಹಿಡಿದಂತೆ ಎದೆಗವಚಿಕೊಂಡು ಕೂತ. ಪಕ್ಕದಲ್ಲಿದ್ದವರು ಎದ್ದು ಹೋದರು. ಮುಂದಿನ ಸ್ಟಾಪಿನಲ್ಲಿ ಹತ್ತಿದವಳು ಕಲ್ಯಾಣಿಯ ಚಿಕ್ಕಮ್ಮ ಮುನಿಶಾಮಮ್ಮ. ವಿದುರಾಶ್ವತ್ಥದಿಂದ ಹಾಲುತುಪ್ಪಕ್ಕೆಂದೇ ಹೊರಟಿದ್ದಳು. ಅಳಿಯನನ್ನು ಕಂಡು ಅಳುತ್ತ ಬಂದು ಪಕ್ಕದಲ್ಲಿ ಕೂತಳು. ಅರ್ಧ ಅತ್ತವಳು ಮೂಗೆಳೆದು, ಅಳು ನಿಲ್ಲಿಸಿ, ಸೆರಗನ್ನು ಕಣ್ಣಿನಿಂದ ಮೂಗಿಗೆ ತಂದಳು.

"ಅಯ್ಯೋ ದೇವುಡಾ! ಅಪ್ಪನ ಮಣ್ಣು ಇನ್ನೂ ಆರಿಲ್ವಲ್ಲಪ್ಪ!"

"ಹಂಗಲ್ಲ ಚಿಕ್ಕಮ್ಮ, ಇದು ಅಪ್ಪನಿಗೇ..."

"ಹ್ಞೂ, ನಿನ್ನ ಹೊಟ್ಟೇಲಿ ಹಾಕ್ಕೊಂಡು ಅಪ್ಪನಿಗೆ ತಗೊಂಡೋಗ್ತಿದ್ದೀಯ!" ಎಂದು ಎದ್ದು ಡ್ರೈವರನ ಹಿಂದಿನ ಸೀಟಿಗೆ ಹೋದಳು. ಬಸ್ಸೆಲ್ಲ ಬಯ್ಯಪ್ಪನ ಬೋಳು ತಲೆಯನ್ನೇ ನೋಡಿತು.

ಇಳಿದವನೇ ಹೊಲಕ್ಕೆ ಓಡಿದ. ಗುಡ್ಡೆಯ ಹತ್ತಿರ ಯಾರೂ ಇರಲಿಲ್ಲ. ಎಲೆ ಹರಿದು ಚೆಲ್ಲಾಡಿತ್ತು. ಅವ್ವನಿಗೇ ಏನೋ ಆಗಿ ಹೊತ್ತುಕೊಂಡು ಹೋದರೆಂದುಕೊಂಡ. ಮನೆಗೆ ಓಡಿದ.

ಅಂಗಳದಲ್ಲಿ ಸಾಲಾಗಿ ಕೂತು ಎಲ್ಲರೂ ಉಣ್ಣುತ್ತಿದ್ದರು. ಅವ್ವನ ಎಲೆಯಲ್ಲಿ ಮುದ್ದೆ ಮುರಿದಿತ್ತು. ಬಯ್ಯಪ್ಪನಿಗೆ ಹೋದ ಜೀವ ಬಂದಂತಾಯಿತು.

"ಕಾಗೆ ಮುಟ್ತಾ?"

"ಮುಟ್ಟದೆ ಇರ್ತದಾ!" ವೆಂಕಟರಾಮಪ್ಪ ಎಲೆಯ ಮುಂದಿನಿಂದಲೇ ಕೂಗಿದ. "ನೀನು ಅತ್ಲಾಗೆ ಹೋದೆ, ನಂಗೆ ಇತ್ಲಾಗೆ ಹೊಳೀತು. ಅಪ್ಪನಾದೋನಿಗೆ ಮಗನದೇ ಯೋಚ್ನೆ ತಾನೆ? ಕೈ ಮುಗಿದು ಅಂದೆ, ಕೋನಣ್ಣ, ನಿನ್ನ ಮಗ ನಿನ್ನಂಗಾಗಲ್ಲ. ಉಸಿರಿರೋ ತನಕ ಒಂದು ತೊಟ್ಟು ಮುಟ್ಟಲ್ಲ, ಊರಿನ ಪರವಾಗಿ ನಾನು ಮಾತು ಕೊಡ್ತೀನಿ, ನೆಮ್ಮದಿಯಾಗಿ ಹೋಗು ಅಂತ. ಮಾತು ಮುಗಿಯೋದ್ರೊಳಗೆ ಕಾಗೆ ದಬಕ್ಕಂತ ಬಂದು ಮುದ್ದೆಗೇ ಬಾಯಿ..."

ಅವನ ಮೂಗು ಅರಳಿತು. ತುತ್ತು ಹಿಡಿದ ಕೈ ಎಲೆಯ ಮೇಲೇ ನಿಂತಿತು. ಸಾಲಿನಲ್ಲಿದ್ದ ಒಂದೊಂದೇ ತಲೆ ಮೇಲೆದ್ದಿತು.

"ಬಸ್ಸು ತುಂಬಾ ಇದೇ ಗಬ್ಬು," ಎಂದಳು ಹಿಂದೆಯೇ ಬಂದ ಮುನಿಶಾಮಮ್ಮ.

"ನಾನು ಕೊಟ್ಟ ಮಾತು ಇನ್ನೂ ಅರಗಿಲ್ಲವಲ್ಲೋ!" ಎಂದ ವೆಂಕಟರಾಮಪ್ಪ. "ಸತ್ತೋನಿಗೆ ನಾನೇನು ಮುಖ ತೋರಿಸ್ಲಿ?"

"ನೀವೇ ತಾನೆ ಕಳಿಸಿದ್ದು!"

"ತಗೊಂಬಾ ಅಂದೆ. ತುಂಬ್ಕೊಂಬಾ ಅಂದ್ನಾ? ಎಲ್ಲೋ ಬಾಟ್ಲಿ?"

ಬಯ್ಯಪ್ಪ ಟವಲಿನ ಗಂಟನ್ನು ಮುಂದೆ ಹಿಡಿದ. ಯಾರೂ ಅದರ ಕಡೆ ನೋಡಲಿಲ್ಲ. ಬಾಟಲಿ ತರಲು ಹೋದವನು ಒದ್ದೆ ಟವಲು ತೋರಿಸಿದರೆ ನೋಡುವುದಾದರೂ ಏನನ್ನು?

ಅವ್ವ ಎಲೆ ಬಿಟ್ಟು ಎದ್ದು ಬಂದಳು. ಅವನು ಅವಳ ಮುಖ ನೋಡಿ ಹೇಳಿದ. "ಕುಡ್ದಿಲ್ಲ ಕಣವ್ವ. ವಾಸ್ನೆ ಹತ್ಕೊಂಡದೆ ಅಷ್ಟೇ." ಹೇಳಿದ ಮೇಲೆ ಬೆವರಿಗೋ ಏನೋ, ಇಲ್ಲದ ಮೀಸೆಯನ್ನು ಎಡಗಡೆ ಒಮ್ಮೆ, ಬಲಗಡೆ ಒಮ್ಮೆ ಒರೆಸಿಕೊಂಡ.

ಮುನಿಗಂಗಮ್ಮ ಸೆರಗು ಬಾಯಿಗೊತ್ತಿಕೊಂಡಳು. "ಅವರು ಎಲ್ಲಿಗೂ ಹೋಗಿಲ್ಲ ಕಣೇ ಕಲ್ಯಾಣಿ," ಎಂದಳು. "ಇಲ್ಲೇ ಬಂದು ನಿಂತವ್ರೆ ನೋಡು."

"ಅಪ್ಪನೂ ಕುಡೀತಿರ್ಲಿಲ್ಲ ಕಣವ್ವ. ನಿಜವಾಗ್ಲೂ..."

"ಹೋಗಿ ತಣ್ಣೀರು ಹುಯ್ಕೋ. ಕುಡ್ದಿದ್ದು ಇಳಿಯೋ ತನಕ ಒಳಗೆ ಬರ್ಬೇಡ."

ಬಯ್ಯಪ್ಪ ಹಿತ್ತಲಿನ ಬಾನಿಯ ಪಕ್ಕ ಕುಕ್ಕರಿಸಿದ. ಟವಲನ್ನು ಬಿಡಿಸಿ ಕಾಂಪೌಂಡ್ ಗೋಡೆಯ ಮೇಲೆ ಎಸೆದ. ಒಂದು ಕಾಗೆ ಬಂದು ಅದರ ಪಕ್ಕದಲ್ಲೇ ಇಳಿಯಿತು. ಕತ್ತು ಓರೆ ಮಾಡಿ ಅವನನ್ನು ನೋಡಿತು. ಆಮೇಲೆ ಟವಲಿನ ಒದ್ದೆ ತುದಿಯನ್ನು ಕೊಕ್ಕಿನಲ್ಲಿ ಹಿಡಿದು, ನಿಧಾನವಾಗಿ, ಬೇಕಾದಷ್ಟು ಹೊತ್ತಿದೆ ಎನ್ನುವ ಹಾಗೆ ಚೀಪಿತು. ಸಾಕಾದ ಮೇಲೆ ಕೊಕ್ಕನ್ನು ಗೋಡೆಗೆ ಎಡಗಡೆ ಒಮ್ಮೆ, ಬಲಗಡೆ ಒಮ್ಮೆ ಒರೆಸಿತು. ಹಾರಿಹೋಯಿತು.

ಕೂಗಿ ಕರೆಯೋಣವೆಂದು ಬಯ್ಯಪ್ಪ ಬಾಯಿ ತೆರೆದ. ಹಿತ್ತಲಲ್ಲಿ ಕೂತು ಕಾಗೆಯ ಜೊತೆ ಮಾತಾಡುತ್ತಿದ್ದಾನೆ ಎಂದು ಇನ್ನೊಂದು ಬಿಂದಿಗೆ ನೀರು ಹೊಯ್ದಾರು. ಬಾಯಿ ಮುಚ್ಚಿಕೊಂಡ.

ಬೆಳಗ್ಗೆಯಿಂದ ಅವನೂ ಉಂಡಿರಲಿಲ್ಲ. ಅಂಗಳದಲ್ಲಿ ಎರಡನೆಯ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಹುರುಳಿ ಸಾರಿನ ವಾಸನೆ ಹಿತ್ತಲಿಗೂ ಬಂತು. ವಾಸನೆ ಅಷ್ಟೇ.