ನಿಲುವುಗನ್ನಡಿಯ ಮುಂದೆ ಗುಂಡ

ನನಗೆ ಅನುಮಾನ ಜಾಸ್ತಿ ಎಂದು ನನ್ನ ಹೆಂಡತಿ ಗಿರಿಜೆ ಎಲ್ಲರ ಮುಂದೆಯೂ ಹೇಳುತ್ತಾಳೆ. ಅವಳು ಯಾಕೆ ಹಾಗೆ ಹೇಳುತ್ತಾಳೆ ಎಂಬ ಬಗ್ಗೆಯೂ ನನಗೆ ಅನುಮಾನವಿದೆ. ತಪ್ಪು ನನ್ನದಲ್ಲ, ನನ್ನ ಕೆಲಸದ್ದು. ಜನ ತರುವ ಜೆರಾಕ್ಸ್ ಪ್ರತಿಯನ್ನು ಮೂಲ ದಾಖಲೆಯ ಪಕ್ಕದಲ್ಲಿಟ್ಟು, ಎರಡೂ ಒಂದೇ ಎಂದು ಖಾತ್ರಿಯಾದ ಮೇಲೆ ಮೊಹರು ಒತ್ತುವುದು ಹದಿನೆಂಟು ವರ್ಷದಿಂದ ಕಚೇರಿಯಲ್ಲಿ ನನ್ನ ಪಾಲಿಗೆ ಬಂದಿರುವ ಉದ್ಯೋಗ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಒಂದು ಹುಬ್ಬು ಮೇಲೆತ್ತಿ, ಮೊದಲು ಕಾಗದವನ್ನೂ ಆಮೇಲೆ ತಂದವನನ್ನೂ ನೋಡಬೇಕು. ಹಾಗೆ ನೋಡಿದರೆ ತಪ್ಪು ಮಾಡದವನೂ ಒಂದು ಸಲ ಉಗುಳು ನುಂಗುತ್ತಾನೆ. ಈ ಅಭ್ಯಾಸ ಮನೆಗೂ ಬಂದಿತು. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಜಗ್ಗುತ್ತೇನೆ. ರಸ್ತೆಯ ತಿರುವಿನವರೆಗೆ ಹೋಗಿ, ಮೂರನೆಯ ಸಲ ಜಗ್ಗಿದೆನೋ ಇಲ್ಲವೋ ಎಂದು ವಾಪಸು ಬಂದು ನಾಲ್ಕನೆಯ ಸಲ ಜಗ್ಗುತ್ತೇನೆ.

ಇಂಥ ನನಗೆ ಸಹೋದ್ಯೋಗಿ ಶಿವಣ್ಣ ಒಂದು ನಾಯಿ ಕೊಡುತ್ತೇನೆಂದ. ನಂದಿನಿ ಲೇಔಟಿನ ಸ್ವಂತ ಮನೆ ಬಿಟ್ಟು ಅವನು ಫ್ಲ್ಯಾಟಿಗೆ ಹೋಗುವವನಿದ್ದ. ಅಲ್ಲಿ ನಾಯಿ ಸಾಕುವಂತಿಲ್ಲವಂತೆ. "ಐದು ವರ್ಷದ್ದು ಸಾರ್, ಎಲ್ಲಾ ಕಲ್ತಿದೆ. ಚಿನ್ನದಂಥ ನಾಯಿ" ಎಂದ. ಚಿನ್ನವನ್ನು ಯಾರು ಪುಕ್ಕಟೆ ಕೊಡುತ್ತಾರೆ? ಕಚ್ಚುತ್ತದೆಯೇ, ಓಡಿಹೋಗುತ್ತದೆಯೇ, ಕಾಯಿಲೆಯೇನಾದರೂ ಇದೆಯೇ ಎಂದು ಕ್ಯಾಂಟೀನಿನಲ್ಲಿ ಎರಡು ಕಾಫಿ ಮುಗಿಯುವ ತನಕ ವಿಚಾರಿಸಿದೆ. "ನನಗೆ ಹೆಣ್ಣು ಕೊಡೋವಾಗ್ಲೂ ಯಾರೂ ಇಷ್ಟು ಕೇಳಿರ್ಲಿಲ್ಲ ಸಾರ್" ಎಂದು ಶಿವಣ್ಣ ನೊಂದುಕೊಂಡ. ಗಿರಿಜೆಗೆ ಬಹಳ ದಿನದಿಂದ ನಾಯಿಯ ಆಸೆ ಇದ್ದುದರಿಂದ ಒಪ್ಪಿದೆ. ನಾಯಿಯ ಹೆಸರು ಗುಂಡ. ಬಂದದ್ದು ನೋಡಿದರೆ ಪಕ್ಕೆಲುಬು ಎಣಿಸಬಹುದಾದ ಬಡಕಲು ಪ್ರಾಣಿ. ಹೆಸರಿಗೂ ಮೈಗೂ ತಾಳೆಯಾಗದ್ದು ಕಂಡೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಆರ್‌ಪಿಸಿ ಲೇಔಟಿನಲ್ಲಿ ನಮ್ಮದು ಬಾಡಿಗೆಯ ಕೆಳಮನೆ. ಮೇಲಿನ ಮಹಡಿಯಲ್ಲಿ ಮನೆಯೊಡತಿ ರತ್ನಮ್ಮ. ಭಾನುವಾರ ಬೆಳಿಗ್ಗೆ ಬಂದಿಳಿದ ಗುಂಡ ಹಜಾರವನ್ನು ಮೂಸಿ, ಟಿವಿ ಸ್ಟ್ಯಾಂಡಿನ ಪಕ್ಕದ ಜಾಗವನ್ನು ಮೆಚ್ಚಿಕೊಂಡು, ಕೋಣೆಯ ಬಾಗಿಲಿಗೆ ಬಂದ. ಎದುರಿಗೇ ಬೀರು. ಬೀರುವಿನ ಬಾಗಿಲಿಗೆ ಆಳೆತ್ತರದ ಕನ್ನಡಿ. ಕನ್ನಡಿಯೊಳಗೆ ಒಂದು ಬಡಕಲು ನಾಯಿ. ಗುಂಡ ಒಮ್ಮೆ ಗುರ್ ಎಂದ. ಅದೂ ಹಲ್ಲು ತೋರಿಸಿತು. ಆಮೇಲೆ ಶುರುವಾಯಿತು ನೋಡಿ ಬೊಗಳು! ಬೊಗಳುತ್ತಲೇ ಹಿಂದಕ್ಕೆ ಹಿಂದಕ್ಕೆ ಸರಿದು, ಹಿತ್ತಲಿನ ಒಗೆಯುವ ಕಲ್ಲಿನ ಸಂದಿಯಲ್ಲಿ ಸೇರಿಕೊಂಡು ನಡುಗತೊಡಗಿದ. ಶಿವಣ್ಣನಿಗೆ ಫೋನ್ ಮಾಡಿ ಜಾಡಿಸಿದೆ. "ನಮ್ಮನೇಲಿ ಅಷ್ಟು ದೊಡ್ಡ ಕನ್ನಡಿ ಇರ್ಲಿಲ್ವಲ್ಲ ಸಾರ್, ನನಗೆ ಹೇಗೆ ಗೊತ್ತಾಗ್ಬೇಕು?" ಎಂದ. ನಾನು ಅಷ್ಟೆಲ್ಲ ಕೇಳಿದರೂ ಕನ್ನಡಿಯ ವಿಷಯ ಕೇಳಿರಲಿಲ್ಲ.

ಬೀರುವನ್ನು ಪಕ್ಕಕ್ಕೆ ಸರಿಸಿದರಾಯಿತಲ್ಲ ಎಂದು ನೀವು ಕೇಳಬಹುದು. ಅದು ನಮ್ಮ ಮದುವೆಯಲ್ಲಿ ಮಾವನವರು ಕೊಟ್ಟ ಬೀರು. ನಾವು ಎಷ್ಟು ಮನೆ ಬದಲಾಯಿಸಿದರೂ ಹಾಲುಕ್ಕಿಸುವ ಮುಂಚೆ ಅವರು ದಿಕ್ಸೂಚಿ ಹಿಡಿದು ಬಂದು, ನೈಋತ್ಯ ಮೂಲೆ ಹುಡುಕಿ, ಉತ್ತರಕ್ಕೆ ಮುಖ ಮಾಡಿ ತಾವೇ ನಿಲ್ಲಿಸಿ ಹೋಗುತ್ತಾರೆ. ಕುಬೇರನ ದೃಷ್ಟಿ ನೇರವಾಗಿ ಬೀಳಬೇಕಂತೆ. ಇಷ್ಟು ವರ್ಷದಲ್ಲಿ ಕುಬೇರ ಒಂದು ಸಲವೂ ಇತ್ತ ನೋಡಿದ ಲಕ್ಷಣವಿಲ್ಲ. ಆದರೂ ನಾಯಿಗೋಸ್ಕರ ಬೀರು ತಿರುಗಿಸುವುದೇ ಎಂದು ಗಿರಿಜೆ ಕಣ್ಣು ಕೆಂಪಗೆ ಮಾಡಿದಳು. ಕನ್ನಡಿಗೆ ಹಳೆಯ ಹೊದಿಕೆ ಹೊದಿಸಿದೆ. ಕಿಟಕಿಯಿಂದ ಅದನ್ನು ಕಂಡ ಪಕ್ಕದ ಮನೆಯವರು, ಸಾವಿನ ಮನೆಯಲ್ಲಿ ಕನ್ನಡಿ ಮುಚ್ಚುವ ರೂಢಿ ನೆನಪಾಗಿ, ದನಿ ತಗ್ಗಿಸಿ, "ಯಾರಿಗಾದ್ರೂ ಏನಾದ್ರೂ ಆಯ್ತೇನ್ರೀ?" ಎಂದು ವಿಚಾರಿಸಿಕೊಂಡು ಹೋದರು. ಗುಂಡನೂ ಹೊದಿಕೆಯನ್ನು ನಂಬಲಿಲ್ಲ. ಮೆಲ್ಲಗೆ ಹೋಗಿ ಮೂತಿಯಿಂದ ಅಂಚನ್ನೆತ್ತಿ ಇಣುಕಿದ. ಒಳಗಿದ್ದದ್ದೂ ಅದೇ ಹೊತ್ತಿಗೆ ಇಣುಕುತ್ತಿತ್ತು. ಈ ಸಲ ಅವನ ಬೊಗಳು ಮೂರನೆಯ ಅಡ್ಡರಸ್ತೆಯವರೆಗೂ ಕೇಳಿಸಿತಂತೆ.

ಅಂದೇ ರತ್ನಮ್ಮ ಇಳಿದು ಬಂದರು. "ನೋಡಿ, ನಮ್ಮ ಯಜಮಾನ್ರಿಗೆ ಬಿಪಿ ಇದೆ. ಎರಡು ವಾರ ನೋಡ್ತೀನಿ. ಎರಡನೇ ಭಾನುವಾರ ನಾನೇ ಬಂದು ಕನ್ನಡಿ ಮುಂದೆ ನಿಲ್ಸಿ ನೋಡ್ತೀನಿ. ಬೊಗಳಿದ್ರೆ ಅವತ್ತೇ ಕಳಿಸ್ಬಿಡಿ" ಎಂದರು. ಕಳಿಸುವುದೆಲ್ಲಿಗೆ? ಶಿವಣ್ಣ ಆಗಲೇ ಫ್ಲ್ಯಾಟ್ ಸೇರಿದ್ದ. ಐದು ವರ್ಷದ ನಾಯಿಯನ್ನು ಬೇರೆ ಯಾರೂ ತೆಗೆದುಕೊಳ್ಳುವುದಿಲ್ಲ. ಬೀದಿಯಲ್ಲಿ ಬಿಟ್ಟರೆ ಬದುಕುವ ತಾಕತ್ತು ಅವನಿಗಿರಲಿಲ್ಲ. ಬಂದ ದಿನದಿಂದಲೇ ಅವನು ನನ್ನ ಚಪ್ಪಲಿಯ ಮೇಲೆ ಗದ್ದವಿಟ್ಟು ಮಲಗುವುದನ್ನು ರೂಢಿಸಿಕೊಂಡ. ಮೊದಲು ಚಪ್ಪಲಿ ಕಡಿಯುವ ಹುನ್ನಾರವಿರಬೇಕೆಂದು ಎರಡು ದಿನ ಕಾದು ನೋಡಿದೆ. ಕಡಿಯಲಿಲ್ಲ. ನನ್ನನ್ನು ಇಷ್ಟು ಬೇಗ ನಂಬಿದವರು ಇನ್ನೊಬ್ಬರಿಲ್ಲ. ಅವನನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಪಶುವೈದ್ಯರು, "ಅವಸರ ಬೇಡ ಸಾರ್, ದಿನಾ ಸ್ವಲ್ಪ ಸ್ವಲ್ಪ ಹತ್ತಿರ ಕರ್ಕೊಂಡ್ಹೋಗಿ, ತಿನ್ನೋಕೆ ಏನಾದ್ರೂ ಕೊಡಿ" ಎಂದರು. ಬಾಗಿಲಿನಿಂದ ಬೀರುವಿಗೆ ಎಂಟು ಮೊಸಾಯಿಕ್ ಕಲ್ಲು. ಕನ್ನಡಿಯ ಹೊದಿಕೆ ತೆಗೆದು, ಸೀಮೆಸುಣ್ಣದಿಂದ ಗುರುತು ಹಾಕಿ, ದಿನಕ್ಕೊಂದು ಕಲ್ಲಿನಂತೆ ಮುಂದೆ ಹೋಗುವುದೆಂದು ನಿಶ್ಚಯಿಸಿದೆ. ಬೆಳಿಗ್ಗೆ ಕಚೇರಿಗೆ ಹೊರಡುವ ಮುಂಚೆ ಗುಂಡನನ್ನು ಮುಂದೆ ಕೂರಿಸಿ, ನಾನು ಸರಪಳಿ ಹಿಡಿದು ಹಿಂದೆ ಕೂತು, ಅವನು ಮೋಸ ಮಾಡದಂತೆ ಕನ್ನಡಿಯಲ್ಲೇ ಅವನ ಮುಖವನ್ನು ಗಮನಿಸುತ್ತ ಒಂದೊಂದೇ ರಸ್ಕಿನ ಚೂರು ಕೊಡುತ್ತಿದ್ದೆ. ಮೂರು ದಿನಕ್ಕೆ ಮೂರನೆಯ ಕಲ್ಲು ಮುಟ್ಟಿದೆವು. ಆಮೇಲೆ ಒಂದು ವಾರ ಅಲ್ಲೇ. ಕನ್ನಡಿ ನೋಡುವುದು, ನಡುಗುವುದು, ಬೊಗಳುವುದು, ಮತ್ತೆ ಹಿತ್ತಲಿಗೆ ಓಡುವುದು.

ನನ್ನ ಸಂಕಟ ಹೀಗಿರುವಾಗ ಗಿರಿಜೆ, "ನಾನು ಹಗಲು ಕಾಳು ಆರಿಸುತ್ತಾ ಬೀರು ಹತ್ರಾನೇ ಕೂತಿರ್ತೀನಿ, ಅವನೂ ಪಕ್ಕಕ್ಕೆ ಬಂದು ಕೂತ್ಕೊತಾನೆ. ನಿನ್ನೆ ಕನ್ನಡೀಗೆ ಬೆನ್ನು ಆನಿಸಿಕೊಂಡೇ ಮಲಗಿದ್ದ" ಎಂದಳು. ನಾನು ನಂಬಲಿಲ್ಲ. ಕಚೇರಿಯಿಂದ ಫೋನ್ ಮಾಡಿ, "ಈಗ ಎಲ್ಲಿದಾನೆ?" ಎಂದು ಕೇಳಿದೆ. "ಎಂಟನೇ ಕಲ್ಲಲ್ಲಿ" ಎಂದಳು. ಶುದ್ಧ ಸುಳ್ಳು ಎನ್ನಿಸಿತು. ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾಳೋ, ಗೇಲಿ ಮಾಡುತ್ತಿದ್ದಾಳೋ? ಶುಕ್ರವಾರ ಅರ್ಧ ದಿನ ರಜೆ ಹಾಕಿ, ಗೇಟಿನ ಸದ್ದಾಗದಂತೆ ಬಂದು, ಚಪ್ಪಲಿ ಕೈಯಲ್ಲಿ ಹಿಡಿದು ಸ್ವಂತ ಮನೆಯ ಕಿಟಕಿಯಲ್ಲಿ ಇಣುಕಿದೆ. ಗಿರಿಜೆ ಕಾಳು ಆರಿಸುತ್ತಿದ್ದಳು. ಗುಂಡ ಕನ್ನಡಿಯ ಬುಡದಲ್ಲಿ ನಾಲ್ಕೂ ಕಾಲು ಚಾಚಿ ಮಲಗಿದ್ದ. ಮಧ್ಯೆ ಎದ್ದು, ಕನ್ನಡಿಯ ನಾಯಿಯ ಮೂತಿಗೆ ಮೂತಿ ತಾಗಿಸಿ, ಆಕಳಿಸಿ, ಮತ್ತೆ ಮಲಗಿದ. ನಾನು ಖುಷಿ ತಡೆಯದೆ ಒಳಗೆ ನುಗ್ಗಿದೆ. ಕನ್ನಡಿಯಲ್ಲಿ ನಾನು ಕಾಣಿಸಿದ್ದೇ ತಡ, ಗುಂಡ ಬೊಗಳುತ್ತ ಹಿತ್ತಲಿಗೆ ಓಡಿದ.

"ನೀವು ಅವನ ಹಿಂದೆ ಕೂತ್ಕೊಂಡು ಹೇಗೆ ನೋಡ್ತೀರಿ ಅನ್ನೋದು ನಿಮಗೇ ಗೊತ್ತಿಲ್ಲ" ಎಂದಳು ಗಿರಿಜೆ. ಮೂಲವನ್ನು ನೋಡದೆ ನಾನು ಯಾವುದನ್ನೂ ಒಪ್ಪುವವನಲ್ಲ. ಮೂರನೆಯ ಕಲ್ಲಿನಲ್ಲಿ ಕೂತು ತಲೆಯೆತ್ತಿದೆ. ಕನ್ನಡಕ ಮೂಗಿನ ತುದಿಯಲ್ಲಿತ್ತು, ಒಂದು ಹುಬ್ಬು ಹಣೆಗೇರಿತ್ತು. ಪಾಪ, ಆ ಮೂಕಪ್ರಾಣಿ ದಿನವೂ ಕಂಡದ್ದು ಇದನ್ನು. ಎದುರಿನ ನಾಯಿಯ ಪರಿಚಯ ಅವನಿಗೆ ಯಾವತ್ತೋ ಆಗಿತ್ತು. ಅದರ ತಲೆಯ ಮೇಲಿಂದ ದುರುಗುಟ್ಟುತ್ತಿದ್ದ ಈ ಆಸಾಮಿಯ ಮೇಲೆ ಮಾತ್ರ ಭರವಸೆ ಹುಟ್ಟಿರಲಿಲ್ಲ. ನನಗೆ ನಿಜವಾಗಿ ನಾಚಿಕೆಯಾಯಿತು.

ಗಡುವಿಗೆ ಉಳಿದದ್ದು ಎರಡೇ ದಿನ. ಶನಿವಾರವಿಡೀ ಅಭ್ಯಾಸ ಮಾಡಿದೆ. ಹುಬ್ಬು ಇಳಿಸಿದರೆ ಬಾಯಿ ಬಿಗಿಯುತ್ತಿತ್ತು, ಬಾಯಿ ಸಡಿಲಿಸಿದರೆ ಹುಬ್ಬು ಏರುತ್ತಿತ್ತು. ಭಾನುವಾರ ಬೆಳಿಗ್ಗೆ ಕನ್ನಡಕ ತೆಗೆದಿಟ್ಟು, ಗುಂಡನ ಎತ್ತರಕ್ಕೆ ಬರಲೆಂದು ನೆಲದ ಮೇಲೆ ಮೊಣಕಾಲೂರಿ, ಎರಡೂ ಕೈ ಊರಿ, ಕನ್ನಡಿಗೆ ನನ್ನಿಂದಾದಷ್ಟು ಅಗಲವಾಗಿ ನಕ್ಕೆ. ಗುಂಡ ನೋಡಿದ. ಕಿವಿ ಹಿಂದಕ್ಕೆ ಹೋದವು, ಮುಂದಕ್ಕೆ ಬಂದವು. ಆಮೇಲೆ ಮೆಲ್ಲಗೆ ಎಂಟೂ ಕಲ್ಲು ದಾಟಿ ಹೋಗಿ ಕನ್ನಡಿಯ ಮುಂದೆ ಕೂತು, ನನ್ನತ್ತ ತಿರುಗಿ ಬಾಲ ಆಡಿಸಿದ. ನನ್ನ ಕಣ್ಣು ತುಂಬಿ ಬಂದವು. ನಗುವನ್ನು ಮಾತ್ರ ಬಿಡಲಿಲ್ಲ. ಬಿಟ್ಟರೆ ಏನಾದೀತೋ ಎಂಬ ಅನುಮಾನ.

ಬಾಗಿಲಲ್ಲಿ ರತ್ನಮ್ಮ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ತಿಳಿಯದು. ನಾಯಿ ಸದ್ದಿಲ್ಲದೆ ಕೂತಿತ್ತು. ಅದರ ಹಿಂದೆ ನಾನು ನಾಲ್ಕು ಕಾಲಿನ ಮೇಲೆ ನಿಂತು, ಕಣ್ಣೀರು ಸುರಿಸುತ್ತ, ಕನ್ನಡಿಗೆ ಹಲ್ಲು ಕಿರಿಯುತ್ತಿದ್ದೆ. ಅವರು ಒಳಗೆ ಬರಲಿಲ್ಲ. "ಇರ್ಲಿ ಬಿಡಿ ಗಿರಿಜಾ, ನಾಯಿ ಇಟ್ಕೊಳ್ಳಿ, ಪರವಾಗಿಲ್ಲ" ಎಂದು ಗಡಿಬಿಡಿಯಿಂದ ಹಿಂದೆ ಸರಿದರು. ಗಿರಿಜೆ ಮೆಟ್ಟಿಲವರೆಗೆ ಅವರ ಜೊತೆ ಹೋದಳು. ನಾನು ಎದ್ದು ಕಿಟಕಿಗೆ ಕಿವಿಗೊಟ್ಟೆ.

"ನಿಮ್ಮ ಯಜಮಾನ್ರಿಗೆ ಎಷ್ಟು ದಿನದಿಂದ ಹೀಗೆ?" ಎಂದು ರತ್ನಮ್ಮ ಪಿಸುಗುಟ್ಟಿದರು.

"ಮದುವೆಯಾದಾಗಿನಿಂದ್ಲೂ ಹೀಗೇನೇ" ಎಂದಳು ಗಿರಿಜೆ. ಅದು ನನ್ನನ್ನು ಕಾಪಾಡಲು ಹೇಳಿದ ಮಾತೋ, ಇಲ್ಲ ನಿಜವನ್ನೇ ಹೇಳಿದಳೋ ಎಂದು ನಾನು ಇನ್ನೂ ವಿಚಾರಿಸುತ್ತಲೇ ಇದ್ದೇನೆ.