ತಾರಸಿಯ ಮೇಲೆ ಪುಷ್ಯ ನಕ್ಷತ್ರ

ಜಾತಕ ನಂಬುವವರಲ್ಲಿ ತಮ್ಮ ಜನ್ಮನಕ್ಷತ್ರವನ್ನು ಕಣ್ಣಾರೆ ಕಂಡವರು ಎಷ್ಟು ಜನವೋ, ನನಗೆ ಅನುಮಾನ. ನಾನಂತೂ ಕಂಡಿರಲಿಲ್ಲ. ನನ್ನದು ಪುಷ್ಯ. ಅರ್ಚನೆ ಮಾಡಿಸುವಾಗ ಆ ಹೆಸರನ್ನು ಗಟ್ಟಿಯಾಗಿ ಹೇಳಿದ್ದೇನೆ, ಪುಷ್ಯ ಮಳೆಯಲ್ಲಿ ನೆನೆದು ಶೀತ ಹಿಡಿಸಿಕೊಂಡಿದ್ದೇನೆ. ಅದು ಆಕಾಶದಲ್ಲಿ ಎಲ್ಲಿದೆ ಎಂದು ಯಾರಾದರೂ ಕೇಳಿದ್ದರೆ ಮಾತ್ರ ಸುಮ್ಮನೆ ಮೇಲಕ್ಕೆ ಕೈ ತೋರಿಸಿ ಜಾರಿಕೊಳ್ಳುತ್ತಿದ್ದೆ.

ಹಾಸನದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನನ್ನ ತಂಗಿಯ ಮಗಳು ವೀಣಾ ಮಾರ್ಚಿನಲ್ಲಿ ನಮ್ಮೂರು ಬೆಳಗೋಡಿಗೆ ಬಂದಾಗ ಆ ಗುಟ್ಟು ರಟ್ಟಾಯಿತು. "ಮಾವ, ನಿಮ್ಮ ಪುಷ್ಯದ ಜಾಗದಲ್ಲಿ ಒಂದು ಮಬ್ಬು ಚುಕ್ಕಿ ಇದೆ. ಅದು ಒಂದಲ್ಲ, ಒಟ್ಟಿಗೆ ಹುಟ್ಟಿದ ನೂರಾರು ನಕ್ಷತ್ರಗಳ ಗುಂಪು" ಎಂದಳು. ಆ ಗುಂಪಿನಲ್ಲಿ ನಮ್ಮ ಸೂರ್ಯನಂಥದೇ ಒಂದು ನಕ್ಷತ್ರವಿದೆಯಂತೆ. ಅದಕ್ಕೆ ಎರಡು ದೈತ್ಯ ಗ್ರಹಗಳು. ಹತ್ತಿರದ್ದು ಎರಡು ದಿನ ಚಿಲ್ಲರೆಯಲ್ಲಿ ಒಂದು ಸುತ್ತು ಮುಗಿಸುತ್ತದೆ, ಇನ್ನೊಂದು ದೂರದಲ್ಲಿ ವರ್ಷಗಟ್ಟಲೆ ಅಲೆಯುತ್ತದೆ.

"ಅವನ್ನ ಯಾರು ನೋಡಿದ್ರು?" ಎಂದು ನನ್ನ ಹೆಂಡತಿ ಜಯ ಕೇಳಿದಳು.

"ಯಾರೂ ನೋಡಿಲ್ಲ ಅತ್ತೆ. ನಕ್ಷತ್ರ ಆ ಕಡೆ ಈ ಕಡೆ ಒಂಚೂರು ತೂಗಾಡುತ್ತೆ. ಅದನ್ನ ನೋಡಿ ಹತ್ತಿರ ದೊಡ್ಡದು ಏನೋ ಇದೆ ಅಂತ ತಿಳ್ಕೋತಾರೆ."

ನನಗೆ ಆ ನಕ್ಷತ್ರದ ಮೇಲೆ ಎಲ್ಲಿಲ್ಲದ ಗೌರವ ಬಂದುಬಿಟ್ಟಿತು. ನಾವು ಮೂವರು ಅಣ್ಣತಮ್ಮಂದಿರು ಕಾಫಿ ಒಣಗಿಸುವ ಒಂದು ಕಣ ಹಂಚಿಕೊಳ್ಳಲಾರದೆ ಆಲೂರಿನ ತಾಲ್ಲೂಕು ಕಚೇರಿಗೆ ಅಲೆದವರು. ಇದು ನೂರಾರು ಒಡಹುಟ್ಟಿದವರ ನೂಕುನುಗ್ಗಲಿನಲ್ಲಿ ಹುಟ್ಟಿಯೂ ಅಂಥ ಎರಡು ಭಾರಿ ಮಕ್ಕಳನ್ನು ಕೈಬಿಡದೆ ಸಾಕುತ್ತಿದೆ. ಆ ತೂಗಾಟವನ್ನು ಇಲ್ಲಿಂದಲೇ ಕಂಡುಹಿಡಿದವರು ಇನ್ನೆಂಥವರಿರಬೇಕು. "ಆ ನಕ್ಷತ್ರ ನಿಮ್ಮ ದುರ್ಬೀನಿಗೆ ಸಿಗಲ್ಲ, ಗುಂಪು ಚೆನ್ನಾಗಿ ಕಾಣುತ್ತೆ" ಎಂದು ಹೇಳಿ ವೀಣಾ ಬಸ್ಸು ಹತ್ತಿದಳು.

ಈ ದುರ್ಬೀನಿನ ಬಗ್ಗೆ ಹೇಳಬೇಕು. ನಮ್ಮ ಕಡೆ ದುರ್ಬೀನಿಗೆ ಇರುವುದು ಒಂದೇ ಕೆಲಸ, ಆನೆ ನೋಡುವುದು. ಮುಸ್ಸಂಜೆಯಲ್ಲಿ ಆಳುಗಳು ತೋಟದಲ್ಲಿದ್ದರೆ ಯಜಮಾನ ತಾರಸಿಯ ಮೇಲೆ ಕಾವಲು ನಿಲ್ಲಬೇಕು. ಆನೆ ಕಂಡರೆ ಕೂಗುವಂತಿಲ್ಲ, ಕೂಗಿದರೆ ಅದು ರೇಗುತ್ತದೆ. ಯಜಮಾನ ದುರ್ಬೀನನ್ನು ಕಣ್ಣಿಗೆ ಹಿಡಿದು ನಿಂತನೆಂದರೆ ಎಲ್ಲರೂ ಸದ್ದಿಲ್ಲದೆ ಲೈನಿನ, ಅಂದರೆ ಆಳುಗಳ ಸಾಲಿನ, ಮನೆಗಳಿಗೆ ಸೇರಿಕೊಳ್ಳುವುದು ಇಲ್ಲಿನ ಕಟ್ಟಲೆ.

ಮಾರನೆಯ ಸಂಜೆ ಕಾಫಿ ತೋಟಕ್ಕೆ ಹೂವಿನ ನೀರು ಹಾಯುತ್ತಿತ್ತು. ಈ ಹೊತ್ತಿನಲ್ಲಿ ಸ್ಪ್ರಿಂಕ್ಲರ್ ನೀರು ಬೀಳದ ಗಿಡ ಹೂ ಬಿಡುವುದಿಲ್ಲ, ಹೂವಿಲ್ಲದ ಗಿಡದಲ್ಲಿ ಕಾಯಿಲ್ಲ. ಹಳ್ಳದ ನೀರಿನ ಸರದಿ ನಮಗೆ ಬೆಳಗಿನವರೆಗೆ ಮಾತ್ರ. ಕೆಳಗಿನ ಪಟ್ಟೆ ಮುಗಿದಿತ್ತು. ನಮ್ಮ ಮೇಸ್ತ್ರಿ ತಮ್ಮಯ್ಯ ಆಳುಗಳನ್ನು ಕರೆದುಕೊಂಡು ಪೈಪನ್ನು ಮೇಲಿನ ಪಟ್ಟೆಗೆ ಸಾಗಿಸುವುದರಲ್ಲಿದ್ದ. ಕಾವಲಿಗೆ ನಾನು.

ಕತ್ತಲು ಕವಿಯುತ್ತಲೇ ನೆತ್ತಿಯ ಹತ್ತಿರ ಆ ಮಬ್ಬು ಕಂಡಿತು. ದುರ್ಬೀನು ಎತ್ತಿದೆ. ಜರಡಿಯನ್ನು ಒಮ್ಮೆ ತಟ್ಟಿದಾಗ ಉದುರುವ ಹಿಟ್ಟಿನ ಹಾಗೆ ನಕ್ಷತ್ರಗಳು. ಅರವತ್ತು ದಾಟಿದ ಮೇಲೆ ನನ್ನ ನಕ್ಷತ್ರವನ್ನು ನಾನು ನೋಡಿದ್ದೆ. ಕಣ್ಣು ತುಂಬಿ ಬಂತು. ಕತ್ತು ನೋಯುತ್ತಿದ್ದುದರಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು.

ಜಯ ಮೆತ್ತಗೆ ಮೆಟ್ಟಿಲು ಹತ್ತಿ ಬಂದು, "ಎಲ್ಲೈತ್ರೀ?" ಎಂದು ಪಿಸುಗುಟ್ಟಿದಳು.

"ನೆತ್ತಿ ಮೇಲೆ."

"ಯಾವ ನೆತ್ತಿ? ತಮ್ಮಯ್ಯ ಪೈಪ್ ಅಲ್ಲೇ ಬುಟ್ಟು ಬಂದು ಬಾಗ್ಲು ಹಾಕ್ಕೊಂಡವ್ನೆ. ಎರಡು ಆನೆ ಅಂತೆ."

"ಎರಡು ಅಂತ ಯಾರು ಹೇಳಿದ್ರು?"

"ಕತ್ಲಲ್ಲಿ ನಿಮ್ಮ ನೆರಳು ಕಾಣ್ತಿತ್ತಂತೆ, ಆ ಕಡೆ ಒಂದ್ಸಲ, ಈ ಕಡೆ ಒಂದ್ಸಲ ವಾಲ್ತಿತ್ತಂತೆ. ಒಂದು ಹತ್ರ ಐತೆ, ಇನ್ನೊಂದು ದೂರ ಐತೆ ಅಂದ."

ನಾನು ಲೈನಿಗೆ ಓಡಿದೆ. ತಮ್ಮಯ್ಯ ಕಿಟಕಿಯಲ್ಲೇ ಮುಖ ತೋರಿಸಿದ. ನಕ್ಷತ್ರ ನೋಡುತ್ತಿದ್ದೆ ಎಂದೆ. "ನಕ್ಷತ್ರ ನೋಡೋಕೆ ಯಾರಾದ್ರೂ ದುರ್ಬೀನು ತಗೀತಾರಾ ಅಯ್ಯ? ಪೈಪ್ ಎಳ್ಸೋಕೆ ಹಿಂಗಂತೀರಿ. ಮಕ್ಕಳು ಮರಿ ಇರೋನು ನಾನು" ಎಂದ. ಅವನ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ನಾನೂ ಜಯಳೂ ಹೋಗಿ ಪೈಪು ಎತ್ತಲು ನೋಡಿದೆವು, ನಾಲ್ಕು ಹೆಜ್ಜೆಗೆ ನನ್ನ ಸೊಂಟ ಹಿಡಿಯಿತು. ಪೈಪನ್ನು ಅಲ್ಲೇ ಬಿಟ್ಟು ಮನೆಗೆ ಬಂದೆವು. ಬೆಳಿಗ್ಗೆ ಸರದಿ ಪಕ್ಕದ ತೋಟದವರ ಪಾಲಾಯಿತು.

ವಾರ ಕಳೆದ ಮೇಲೆ ಹೂವಾಯಿತು. ಕೆಳಗಿನ ಪಟ್ಟೆಯೆಲ್ಲ ಬೆಳ್ಳಗೆ, ಮೇಲಿನ ಪಟ್ಟೆ ಕಪ್ಪಗೆ. ಬಸ್ಸಿನಲ್ಲಿ ಹೋಗುವವರಿಗೂ ಅದು ಕಾಣುತ್ತದೆ. ಕುಂದೂರಿನ ನನ್ನ ಷಡ್ಡಕ ಇಳಿದು ಬಂದು, "ಮೇಲಿನ ಪಟ್ಟೆಗೆ ಏನಾಯ್ತು ಮಾರಾಯ? ಆನೆ ಬಂದಿತ್ತಾ?" ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಜಯ ಕಾಫಿ ಲೋಟ ಅವನ ಕೈಗಿಟ್ಟು ಹೇಳಿದಳು: "ತೋಟಕ್ಕೆ ಬಂದಿಲ್ಲ. ತಾರಸಿ ಮೇಲೆ ಒಂದಿತ್ತು, ಬಾಳ ಹೊತ್ತು ತೂಗಾಡ್ತಿತ್ತು."