ಗೇಟು ನವನಗರದಾಗ, ದನಿ ತಾರಿಹಾಳದಾಗ

ಗುಂಡಿ ಒತ್ತಿದರೆ ಒಳಗೆ ಸಪ್ಪಳ ಆಗಬೇಕು. ನನ್ನ ಕಸುಬು ಇಷ್ಟೇ. ಆದರೂ ನಾನು ಹಚ್ಚಿಕೊಟ್ಟ ಒಂದೇ ಒಂದು ಗಂಟೆ ತಕರಾರಿಲ್ಲದೆ ಬಾರಿಸಿದ ನೆನಪಿಲ್ಲ. ತೊಂಬತ್ತರ ದಶಕದಲ್ಲಿ ಹುಬ್ಬಳ್ಳಿಯ ಮನೆಮನೆಗೆ ಹಕ್ಕಿ ಕೂಗುವ ಬೆಲ್ ಹಚ್ಚುತ್ತಿದ್ದೆ. ಬಂದವರು ಗುಂಡಿಯ ಪಕ್ಕದಲ್ಲೇ ನಿಂತು, ಗೇಟಿನ ಚಿಲಕ ಬಡಿದು, "ಯಾರದಾರ್ರಿ ಮನ್ಯಾಗ?" ಅಂತ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಗುಂಡಿ ಇದೆಯಲ್ಲ ಅಂದರೆ, "ಮಂದಿ ಮನಿ ಕರೆಂಟ್ ನಾವ್ಯಾಕ ಸುಡಬೇಕ್ರಿ" ಅನ್ನುತ್ತಿದ್ದರು. ಆಮೇಲೆ ಇಂಟರ್‌ಕಾಮ್ ಬಂತು, ಅದರ ಹಿಂದೆ ಬ್ರಾಡ್‌ಬ್ಯಾಂಡ್ ಬಂತು, ನನ್ನ ತಲೆನೋವೂ ಬೆಳೆಯುತ್ತ ಬಂತು. ಅದಕ್ಕೆ ಕಳಸ ಇಟ್ಟದ್ದು ನವನಗರದ ಒಂದು ಮನೆ.

ನಾ ಮನ್ಯಾಗ ಇದ್ದಂಗ ಇರಬೇಕು

ಆ ಮನೆಯ ಸಾಹುಕಾರರದು ತಾರಿಹಾಳದಲ್ಲಿ ಪಂಪಿನ ಭಾಗ ಮಾಡುವ ಸಣ್ಣ ಫ್ಯಾಕ್ಟರಿ. ಅವರ ಹೆಂಡತಿ ಸಾಲಿಯಲ್ಲಿ ಅಕ್ಕೋರು, ಅಂದರೆ ಟೀಚರು. ಮಗಳು ಧಾರವಾಡದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಹಗಲಿಡೀ ಮನೆಗೆ ಕೀಲಿ, ಬೀಗ ಜಡಿದ ಬಾಗಿಲು.

ನಮ್ಮ ಕಡೆ ಗಂಡಿನವರಿಗೆ ಒಂದು ಚಾಳಿ ಇದೆ. ಹುಡುಗಿ ಒಪ್ಪಿಗೆಯಾದ ಮೇಲೆ ಹೇಳದೆ ಕೇಳದೆ ಒಂದು ದಿನ ಬಂದು ನಿಲ್ಲುತ್ತಾರೆ. ಹೇಳಿ ಬಂದರೆ ಮನೆ ಸಿಂಗಾರ ಆಗಿರುತ್ತದೆ, ಹೇಳದೆ ಬಂದರೆ ಇದ್ದದ್ದು ಇದ್ದಂಗೆ ಕಾಣುತ್ತದೆ ಅನ್ನುವ ಲೆಕ್ಕ. ಹಾಗೆ ಒಂದು ಕಡೆಯವರು ಬಂದು, ಕೀಲಿ ನೋಡಿ, ತಿರುಗಿ ಹೋಗಿದ್ದರು. ಮತ್ತೆ ಅವರ ಸುದ್ದಿಯೇ ಇಲ್ಲ. ಈಗ ಹೊಸದೊಂದು ಸಂಬಂಧ ಬಂದಿತ್ತು. ಹುಡುಗ ಛಲೋ ಇದ್ದ, ಮಗಳಿಗೂ ಮನಸ್ಸಿತ್ತು. ಇದೂ ಕೈತಪ್ಪಿದರೆ ಏನು ಗತಿ ಅಂತ ಸಾಹುಕಾರರಿಗೆ ಊಟ ರುಚಿಸುತ್ತಿರಲಿಲ್ಲ.

"ಗೇಟಿನ್ಯಾಗ ಯಾರ ಗುಂಡಿ ಒತ್ತಿದ್ರೂ ನಾ ತಾರಿಹಾಳದಾಗ ಕುಂತು ಮಾತಾಡಬೇಕು. ಇಂಟರ್ನೆಟ್ಟಿನ್ಯಾಗ ಆಕ್ಕೈತಂತ, ಖರೇ ಏನು?" ಅಂದರು.

"ಆಕ್ಕೈತ್ರಿ. ಆದ್ರ ಅಷ್ಟ್ಯಾಕ ತ್ರಾಸು? ಗೇಟಿನ ಮ್ಯಾಲ ನಿಮ್ಮ ಮೊಬೈಲ್ ನಂಬರ್ ಬರಸ್ರಿ, ಮುಗೀತು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬೀಗರಾಗೋರು ಗೇಟಿನ್ಯಾಗ ನಿಂತು ಫೋನ್ ಹಚ್ಚಿ, ಎಲ್ಲಿ ಅದೀರಿ ಅಂತ ಕೇಳಬೇಕೇನು? ನಾ ಮನ್ಯಾಗ ಇದ್ದಂಗ ಇರಬೇಕು."

"ಇಲ್ಲದ ಇದ್ದಂಗ ಮಾಡೂದು ನಮ್ಮ ಅಂಗಡ್ಯಾಗ ಸಿಗೂದಿಲ್ರಿ" ಅನ್ನಬೇಕಿತ್ತು. ಅನ್ನಲಿಲ್ಲ. ಅದೇ ನನ್ನ ಮೊದಲನೇ ತಪ್ಪು.

ಹೋಗುವಾಗ ಆರಿಸಿ ಹೋಗುವ ಮನೆತನ

ಬೆಂಗಳೂರಿನಿಂದ ಸಾಮಾನು ತರಿಸಿದೆ. ಗೇಟಿನ ಕಂಬದಲ್ಲಿ ಗುಂಡಿ, ಮೈಕು, ಸ್ಪೀಕರ್ ಇರುವ ಪೆಟ್ಟಿಗೆ. ಅಲ್ಲಿಂದ ತಂತಿ ಒಳಗಿನ ಮೋಡೆಮ್ಮಿಗೆ. ಅಲ್ಲಿಂದ ಮಾತು ಇಂಟರ್ನೆಟ್ಟಿನಲ್ಲಿ ಹಾದು ಫ್ಯಾಕ್ಟರಿಯ ಕಂಪ್ಯೂಟರಿಗೆ. ಅಕ್ಕೋರನ್ನು ಗೇಟಿನಲ್ಲಿ ನಿಲ್ಲಿಸಿ ಮಾತಾಡಿಸಿದೆ, ಛಲೋ ಕೇಳಿಸಿತು.

ಮರುದಿನ ಸಾಹುಕಾರರ ಫೋನು. "ಸತ್ತೈತಿ."

ಹುಬ್ಬಳ್ಳಿಯಿಂದ ಎರಡು ಬಸ್ಸು ಹಿಡಿದು ಸಂಜೆಗೆ ಹೋದೆ. ಅಕ್ಕೋರು ಬಾಗಿಲು ತೆಗೆದರು. ಗುಂಡಿ ಒತ್ತಿದೆ, ಮಾತು ಹೋಯಿತು. ಏನೂ ಆಗಿಲ್ಲ ಅಂತ ಹೇಳಿ ಬಂದೆ. ಮರುದಿನ ಮತ್ತೆ ಫೋನು, ಮತ್ತೆ ಹೋದೆ, ಮತ್ತೆ ಸರಿ ಇತ್ತು. ಹೀಗೆ ನಾಲ್ಕು ಸಲ. ನನ್ನ ತಲೆಯೇ ಕೆಟ್ಟಿದೆಯೋ ಏನೋ ಅನ್ನಿಸತೊಡಗಿತು.

ಐದನೇ ದಿನ ಬೆಳಿಗ್ಗೆಯೇ ಹೋಗಿ ಕಟ್ಟೆಯ ಮೇಲೆ ಕೂತೆ. ಅಕ್ಕೋರು ಸಾಲಿಗೆ ಹೊರಟರು. ಗ್ಯಾಸ್ ನೋಡಿದರು, ನಳ ನೋಡಿದರು, ಕಡೆಗೆ ಕೈ ಎತ್ತಿ ಮನೆಯ ಮೇನ್ ಸ್ವಿಚ್ಚನ್ನೇ ಕೆಳಗೆ ಎಳೆದು ಬಾಗಿಲಿಗೆ ಕೀಲಿ ಹಾಕಿದರು.

"ಅಕ್ಕೋರ, ಅದನ್ಯಾಕ ಆರಿಸಿದ್ರಿ?"

"ನಮ್ಮತ್ತಿ ಕಲಿಸಿದ್ದು. ಯಾರೂ ಇಲ್ಲದ ಮನ್ಯಾಗ ಕರೆಂಟ್ ಇರಬಾರದು."

ಅಂದರೆ, ಮನೆಯಲ್ಲಿ ಯಾರೂ ಇಲ್ಲದಾಗ ಮಾತಾಡಲಿ ಅಂತ ಹಚ್ಚಿದ ಪೆಟ್ಟಿಗೆ, ಮನೆಯಲ್ಲಿ ಜನ ಇದ್ದಾಗ ಮಾತ್ರ ಮಾತಾಡುತ್ತಿತ್ತು. ಮನೆತನದ ಪದ್ಧತಿಗೆ ಕೈ ಹಚ್ಚುವ ಧೈರ್ಯ ನನಗಿರಲಿಲ್ಲ. ತೆಪ್ಪಗೆ ಮೋಡೆಮ್ಮನ್ನೂ ಗೇಟಿನ ಪೆಟ್ಟಿಗೆಯನ್ನೂ ಇನ್ವರ್ಟರಿನ ಬ್ಯಾಟರಿಗೆ ಜೋಡಿಸಿದೆ. ಅಕ್ಕೋರು ಇಂದಿಗೂ ಎಲ್ಲಾ ಆರಿಸಿಯೇ ಹೋಗುತ್ತೇನೆ ಅಂದುಕೊಂಡಿದ್ದಾರೆ.

ನೀವ ಹೇಳ್ರಿ

ಇಂಟರ್ನೆಟ್ಟಿನಲ್ಲಿ ಮಾತು ಎರಡು ಸೆಕೆಂಡ್ ತಡವಾಗಿ ತಲುಪುತ್ತಿತ್ತು. ಬೇರೆ ಊರಲ್ಲಾದರೆ ನಡೆಯುತ್ತಿತ್ತೋ ಏನೋ. ನಮ್ಮ ಕಡೆಯವರ ಮರ್ಯಾದೆಗೆ ಅದು ಒಗ್ಗಲಿಲ್ಲ.

ಗೇಟಿಗೆ ಬಂದವರು, "ಸಾಹುಕಾರ್ರ," ಅನ್ನುವುದಕ್ಕೂ ಅತ್ತಲಿಂದ "ಹೇಳ್ರಿ" ಬರುವುದಕ್ಕೂ ಸರಿಹೋಗುತ್ತಿತ್ತು. ಇಬ್ಬರೂ ತಾವು ನಡುವೆ ಬಾಯಿ ಹಾಕಿದೆವು ಅಂತ ಸುಮ್ಮನಾಗುತ್ತಿದ್ದರು. ಆಮೇಲೆ ಇಬ್ಬರೂ ಒಮ್ಮೆಲೇ, "ನೀವ ಹೇಳ್ರಿ." ಮತ್ತೆ ಸುಮ್ಮನೆ. ಮತ್ತೆ, "ಇಲ್ಲಿಲ್ಲ, ಮದಲ ನೀವ ಹೇಳ್ರಿ." ಪಟ್ಟಿ, ಅಂದರೆ ಹಬ್ಬದ ಚಂದಾ, ಕೇಳಲು ಬಂದ ಗಣಪತಿ ಮಂಡಳಿಯವರು ಅರ್ಧ ತಾಸು ಹೀಗೆ ನಿಂತು, ಕಡೆಗೆ ಪಟ್ಟಿ ಕೇಳದೆಯೇ ನಮಸ್ಕಾರ ಹೇಳಿ ಹೋದರಂತೆ. ನನ್ನ ಕೆಲಸವನ್ನು ಸಾಹುಕಾರರು ಹೊಗಳಿದ್ದು ಅದೊಂದೇ ದಿನ.

ಇಸ್ತ್ರಿಯವ ಕೆಲಸ ಬಿಟ್ಟದ್ದು

ಸಾಹುಕಾರರು ಕನ್ನಡಕ ಹಾಕಿಕೊಂಡು ಮೌಸ್ ಹುಡುಕುವುದರೊಳಗೆ ಗೇಟಿಗೆ ಬಂದವರು ಹೋಗಿಬಿಡುತ್ತಿದ್ದರು. ಅದಕ್ಕೆ ಗುಂಡಿ ಒತ್ತಿದ ಕೂಡಲೇ ಅತ್ತ ಯಾರೂ ಏನೂ ಮಾಡದೆ ಮಾತು ಹತ್ತುವ ಹಾಗೆ ಮಾಡಿಕೊಟ್ಟೆ. ಅದು ನನ್ನ ಎರಡನೇ ತಪ್ಪು.

ಒಂದು ಮಧ್ಯಾಹ್ನ ಇಸ್ತ್ರಿಯವ ಬಟ್ಟೆ ಕೇಳಲು ಬಂದು ಗುಂಡಿ ಒತ್ತಿದ. ಅತ್ತ ಸಾಹುಕಾರರು ಗಂಟೆಯ ಕಡೆ ಲಕ್ಷ್ಯವಿಲ್ಲದೆ, ಎದುರಿಗೆ ನಿಂತ ಆಳಿನ ಮೇಲೆ ಹರಿಹಾಯುತ್ತಿದ್ದರು.

"ಎರಡ ದಿನಾ ಎಲ್ಲಿ ಹಾಳಾಗಿ ಹೋಗಿದ್ದಿ?" ಅಂತು ಗೇಟಿನ ಕಂಬ.

ಇಸ್ತ್ರಿಯವ ಕೈಕಟ್ಟಿ ನಿಂತ. "ಜ್ವರಾ ಬಂದಿದ್ವುರಿ."

"ನಿನ್ನ ಮಾರಿ ನೋಡಿದ್ರ ನನಗ ಸಿಟ್ಟ ಬರ್ತೈತಿ. ನಾಳಿಂದ ಬರಬ್ಯಾಡ, ನಡಿ."

ಅವನು ನಡೆದೇಬಿಟ್ಟ. ಅಕ್ಕೋರು ಒಂದು ವಾರ ಮುದ್ದೆಯಾದ ಸೀರೆ ಉಟ್ಟು ಸಾಲಿಗೆ ಹೋದರು. ಬೈಸಿಕೊಂಡ ಆಳು ಮಾತ್ರ ಮರುದಿನ ಎಂದಿನಂತೆ ಕೆಲಸಕ್ಕೆ ಬಂದಿದ್ದ.

ಯಜಮಾನರು ಒಳಗೆ, ಕೀಲಿ ಹೊರಗೆ

ಕಡೆಗೂ ಆ ದಿನ ಬಂತು. ನಾನು ಅದೇ ಬಡಾವಣೆಯ ಇನ್ನೊಂದು ಮನೆಯಲ್ಲಿ ಏಣಿ ಹತ್ತಿದ್ದೆ. ಮೊಬೈಲಿನಲ್ಲಿ ಸಾಹುಕಾರರ ಪಿಸುಮಾತು.

"ತಮ್ಮಾ, ಗಂಡಿನವರು ಬಂದಾರ. ಬರ್ರಿ, ಒಳಗ ಬರ್ರಿ, ಚಹಾ ಕುಡೀರಿ ಅಂದುಬಿಟ್ಟೇನಿ."

"ಮನ್ಯಾಗ ಅದೀರೇನ್ರಿ?"

"ಫ್ಯಾಕ್ಟರ್ಯಾಗ ಅದೇನಿ. ರೂಢಿ ಬಿದ್ದ ಬಾಯಿ, ಬಂದುಬಿಡ್ತು. ನೀ ಲಗೂ ಹೋಗು. ನಾನೂ ಹೊಂಡತೇನಿ."

ಓಡಿಹೋದೆ. ಹುಡುಗನ ದೊಡ್ಡಪ್ಪ ಮತ್ತು ಇನ್ನಿಬ್ಬರು ಹಿರಿಯರು ಕಟ್ಟೆಯ ಮೇಲೆ ಕೂತಿದ್ದರು. ಮೂವರ ಕಣ್ಣೂ ಬಾಗಿಲಿಗೆ ಜೋತಿದ್ದ ದೊಡ್ಡ ಕೀಲಿಯ ಮೇಲೆ. ದೊಡ್ಡಪ್ಪ ನನ್ನನ್ನು ಹತ್ತಿರ ಕರೆದು, ದನಿ ತಗ್ಗಿಸಿ ಕೇಳಿದರು.

"ತಮ್ಮಾ, ನೀ ಈ ಮನಿಯವನೇನು? ಖರೇ ಹೇಳು. ಯಜಮಾನ್ರು ಒಳಗ ಅದಾರ, ಮಾತಾಡಿದ್ರು. ಮನ್ಯಾಗಿನವರು ಹೊರಗಿಂದ ಕೀಲಿ ಹಾಕ್ಯಾರ. ಅವರ ತಲಿ ನೆಟ್ಟಗೈತೋ ಇಲ್ಲೋ?"

ಕೀಲಿ ನೋಡಿ ತಿರುಗಿ ಹೋಗುವುದು ಬೇರೆ. ಮನೆತನದಲ್ಲಿ ಹುಚ್ಚಿದೆ ಅಂತ ಊರಿಗೆ ಸುದ್ದಿ ಒಯ್ದರೆ ಆ ಹುಡುಗಿಗೆ ಮುಂದೆ ಯಾವ ಸಂಬಂಧವೂ ಬರುತ್ತಿರಲಿಲ್ಲ. ಅದಕ್ಕೆಲ್ಲ ಕಾರಣ ನಾನು ಕಂಬಕ್ಕೆ ಬಡಿದ ಪೆಟ್ಟಿಗೆ. ಮೋಡೆಮ್ಮು, ತಂತಿ, ತಾರಿಹಾಳ, ಎಲ್ಲವನ್ನೂ ಬೆವರು ಒರೆಸಿಕೊಳ್ಳುತ್ತ ಬಿಡಿಸಿ ಹೇಳಿದೆ. ಅವರು ನನ್ನ ತಲೆಯೂ ನೆಟ್ಟಗಿದೆಯೋ ಇಲ್ಲವೋ ಅನ್ನುವ ಹಾಗೆ ನೋಡಿದರು.

"ಹಂಗಾರ ತಾರಿಹಾಳಕ್ಕ ಹೋಗಿ ನೋಡೇಬಿಡೂಣು," ಅಂದರು ದೊಡ್ಡಪ್ಪ. "ಸಾಹುಕಾರ್ರ ಇಲ್ಲಿಗೆ ಬರಾಕತ್ತಾರ್ರಿ, ಕೂಡ್ರಿ" ಅಂತ ಅಂಗಲಾಚಿದೆ. ಯಾರು ಕೇಳುತ್ತಾರೆ? ಅವರು ಬಂದಿದ್ದ ಜೀಪು ಹೊರಟೇ ಹೋಯಿತು. ಸಾಹುಕಾರರಿಗೆ ಫೋನ್ ಹಚ್ಚಿದರೆ, ಗಾಡಿ ಹೊಡೆಯುತ್ತಿದ್ದವರು ಎತ್ತಲಿಲ್ಲ. ಗಬ್ಬೂರ ಬೈಪಾಸಿನಲ್ಲೆಲ್ಲೋ ಜೀಪೂ ಅವರ ಕಾರೂ ಎದುರುಬದುರು ದಾಟಿರಬೇಕು.

ಸಾಹುಕಾರರು ಬಂದು ಖಾಲಿ ಕಟ್ಟೆ ನೋಡಿದರು. ನಾನು ನಡೆದದ್ದು ಹೇಳಿದೆ. ಅವರು ಬಯ್ಯಲಿಲ್ಲ. "ಎರಡನೇ ಸಲಾ ಆತು. ಮಗಳಿಗೆ ಏನ ಹೇಳ್ಲಿ?" ಅಂತ ಕಟ್ಟೆಯ ಮೇಲೆ ಕುಸಿದು ಕೂತರು. ಇಷ್ಟು ದಿನ ಅವರ ಮೇಲಿದ್ದ ಸಿಟ್ಟೆಲ್ಲ ನನ್ನಲ್ಲಿ ಒಮ್ಮೆಲೇ ಇಳಿದುಹೋಯಿತು. ಫ್ಯಾಕ್ಟರಿಗೆ ಎಷ್ಟು ಸಲ ಫೋನ್ ಹಚ್ಚಿದರೂ ಮಷೀನಿನ ಸದ್ದಿನಲ್ಲಿ ಯಾರೂ ಎತ್ತಲಿಲ್ಲ.

"ಗುಂಡಿ ಒತ್ತಿ ನೋಡೂಣ್ರಿ" ಅಂದೆ.

ತಮ್ಮ ಮನೆಯ ಗೇಟಿನ ಗುಂಡಿಯನ್ನು ತಾವೇ ಒತ್ತಿದರು. ಎರಡು ಸೆಕೆಂಡಿನ ಮೇಲೆ ಚಹಾದ ಕಪ್ಪು-ಬಸಿಗಳ ಸಪ್ಪಳ. ಆಮೇಲೆ ದೊಡ್ಡಪ್ಪನ ದನಿ. ಫ್ಯಾಕ್ಟರಿಯ ಆಫೀಸಿನಲ್ಲಿ ಕೂತು, ತಮ್ಮವರ ಜೊತೆ ಮಾತಾಡುತ್ತಿದ್ದರು. ಕಂಪ್ಯೂಟರು ಕೇಳಿಸಿಕೊಳ್ಳುತ್ತಿದೆ ಅಂತ ಅವರಿಗೇನು ಗೊತ್ತು?

"ಗೇಟಿನ್ಯಾಗ ಸಿಕ್ಕ ಆ ಹುಡುಗ ಹೇಳಿದ್ದು ಖರೇ ಐತಿ. ಮನಿಷ್ಯಾಗ ಹುಚ್ಚಿಲ್ಲ. ತಾ ಮನ್ಯಾಗ ಇಲ್ಲಂದ್ರೂ ಬಂದವರಿಗೆ ಚಹಾ ಕುಡೀರಿ ಅಂತಾನಲ್ಲ, ಇಂಥಾ ಬೀಗ ಎಲ್ಲಿ ಸಿಗ್ತಾನ? ಹೂಂ ಅಂದುಬಿಡೂಣು."

ಸಾಹುಕಾರರ ಕಣ್ಣು ತುಂಬಿದವು. ಸುಮ್ಮನಿರಿ ಅಂತ ನಾನು ಸನ್ನೆ ಮಾಡುವುದರೊಳಗೆ ಕಂಬಕ್ಕೆ ಎರಡೂ ಕೈ ಜೋಡಿಸಿ, "ಭಾಳ ಸಂತೋಷ ಆತ್ರಿ ಬೀಗರ" ಅಂದೇಬಿಟ್ಟರು.

ಅತ್ತ ಬಸಿ ಬಿದ್ದ ಸಪ್ಪಳ. ಆಮೇಲೆ ದೊಡ್ಡಪ್ಪ ನಿಧಾನಕ್ಕೆ ಯಾರನ್ನೋ ಕೇಳಿದ್ದು ಕೇಳಿಸಿತು.

"ಮನಿಗೆ ಹೋದ್ರ ಅಲ್ಲಿಲ್ಲ, ಇಲ್ಲಿಗೆ ಬಂದ್ರ ಇಲ್ಲಿಲ್ಲ. ಲಗ್ನಕ್ಕಾದ್ರೂ ಖುದ್ದ ಬರ್ತಾರೇನ ಕೇಳ್ರಿ."